ಊಟದ ಮೇಜಿನ ಪ್ಲಾಸ್ಟಿಕ್ ತೆಗೆದೆವು

ರಿಪೇರಿಗೆ ಇಳಿದ ಸಾಮಾನು ಇಷ್ಟು: ಸಾಗವಾನಿಯ ಊಟದ ಮೇಜು, ಅದರ ಆರು ಕುರ್ಚಿ, ಪಡಸಾಲೆಯ ದಿವಾನ, ಬಾಗಿಲ ಪಕ್ಕದ ಚಪ್ಪಲಿ ಕಪಾಟು. ಮನೆ ವಿಜಯಪುರದಲ್ಲಿ. ಅವ್ವ, ಅಣ್ಣ, ವೈನಿ, ನಾನು, ನನ್ನ ಹೆಂಡತಿ, ಮೇಲೆ ನಾಲ್ಕು ಮಕ್ಕಳು. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಈ ಲೆಕ್ಕ ದುಪ್ಪಟ್ಟಾಗುತ್ತದೆ. ಅದಕ್ಕೇ ಜಾತ್ರೆ ಮುಗಿದು ನೆಂಟರು ಊರಿಗೆ ಹೋದ ಮೇಲೆ ಕೆಲಸ ಶುರು ಮಾಡಿದೆವು.

ಪಾಲಿಶ್ ಕೆಲಸಕ್ಕೆ ನಮ್ಮ ಕಡೆ ಫೆಬ್ರವರಿ ಒಳ್ಳೆಯ ತಿಂಗಳು. ಗಾಳಿ ಒಣಗಿರುತ್ತದೆ, ಬಿಸಿಲು ಇನ್ನೂ 40 ಡಿಗ್ರಿ ಮುಟ್ಟಿರುವುದಿಲ್ಲ, ಧೂಳಿನ ಗಾಳಿಯೂ ಜೋರಾಗಿರುವುದಿಲ್ಲ. ಬೆಳಗಾವಿಯಲ್ಲಿರುವ ನಮ್ಮ ಭಾವ ಇದೇ ಕೆಲಸವನ್ನು ಜುಲೈನಲ್ಲಿ ಮಾಡಿಸಿದ್ದರು. ಪಾಲಿಶ್ ಮೇಲೆ ಹಾಲು ಚೆಲ್ಲಿ ಒರೆಸಿದ ಹಾಗೆ ಬಿಳಿ ಮಬ್ಬು ಬಂದು ಕೂತಿತ್ತು. ಥಿನ್ನರ್ ಬೇಗ ಆರುವಾಗ ಪಾಲಿಶ್‌ನ ಮೈ ತಣ್ಣಗಾಗುತ್ತದೆ. ಮಳೆಗಾಲದ ತೇವದ ಗಾಳಿ ಅಲ್ಲಿ ನೀರಾಗಿ ಒಳಗೆ ಸಿಕ್ಕಿಕೊಳ್ಳುತ್ತದೆ. ಆ ಊರಿನ ಮಳೆಗೆ ಪಾಲಿಶ್ ಡಬ್ಬಿ ತೆರೆಯುವುದು ಸರಿಯಲ್ಲ.

ನಮ್ಮ ಮನೆಯಲ್ಲಿ ಸಾಮಾನು ಜೋಪಾನ ಮಾಡುವುದು ಅಂದರೆ ಹೊದಿಸುವುದು ಅಂತಲೇ ನಡೆದು ಬಂದಿತ್ತು. ಮೇಜಿನ ಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್. ದಿವಾನಕ್ಕೆ ರೆಕ್ಸಿನ್. ಕುರ್ಚಿಯ ಕುಶನ್‌ಗಳಂತೂ ಅಂಗಡಿಯಿಂದ ಬಂದಾಗಿನ ಕವರ್ ಬಿಚ್ಚಿರಲೇ ಇಲ್ಲ. ನನ್ನ ವಾದ ಬೇರೆ. ಜನ ತುಂಬಿದ ಮನೆಯಲ್ಲಿ ಮೇಜು, ಕುರ್ಚಿ ಹಾಳಾಗುವುದು ಕಾಲಿನ ತುದಿಯಿಂದ, ಅಂಚಿನಿಂದ, ಕೀಲಿನಿಂದ. ಆ ಜಾಗ ಗಟ್ಟಿ ಮಾಡಿದರೆ ಮೇಲೆ ಏನೂ ಹೊದಿಸಬೇಕಾಗಿಲ್ಲ. ಅವ್ವನನ್ನು ಒಪ್ಪಿಸುವುದೇ ಕಷ್ಟವಾಯಿತು. "ನಾಕ ಮಂದಿ ಬಂದ ಹೋಗು ಮನಿ, ಬರೇ ಕಟ್ಟಿಗಿ ಬಿಟ್ರ ಹೆಂಗಪಾ?" ಅಂದಳು.

ಪ್ಲಾಸ್ಟಿಕ್ ಅಡಿಯಲ್ಲಿ

ಹಾಳೆ ಸುಲಭವಾಗಿ ಏಳಲಿಲ್ಲ. ಮೇಜಿಗೆ ಅಂಟಿತ್ತು. ಇದು ಪಿವಿಸಿ ಹಾಳೆ. ಪಿವಿಸಿ ಮೂಲದಲ್ಲಿ ಗಟ್ಟಿ ವಸ್ತು, ನೀರಿನ ಪೈಪು ಅದರದ್ದೇ ಅಲ್ವಾ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿರುತ್ತಾರೆ. ಆ ಎಣ್ಣೆ ಸೆಕೆಗೆ ನಿಧಾನವಾಗಿ ಹೊರಗೆ ಬರುತ್ತದೆ, ಕೆಳಗಿನ ಪಾಲಿಶ್‌ಗೆ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ನಮ್ಮ ಊರಿನ ಬೇಸಿಗೆಗಳನ್ನು ಕಂಡ ಮೇಜು ಇದು. ಬೆರಳು ಇಟ್ಟರೆ ಗುರುತು ಬೀಳುವಷ್ಟು ಜಿಗಟಾಗಿತ್ತು.

ಮೇಲೆ ಚೆಲ್ಲಿದ ನೀರು ಹಾಳೆಯ ಅಂಚಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅದರ ಕಲೆಗಳು ಎರಡು ಬಗೆ. ಬಿಳಿ ಕಲೆ ಪಾಲಿಶ್‌ನ ಒಳಗಷ್ಟೇ ಇರುತ್ತದೆ, ಕಟ್ಟಿಗೆ ಮುಟ್ಟಿರುವುದಿಲ್ಲ. ಅದು ಚಿಂತೆಯ ವಿಷಯ ಅಲ್ಲ. ಕಪ್ಪು ಕಲೆ ಹಾಗಲ್ಲ. ನೀರು ಕಟ್ಟಿಗೆಯವರೆಗೆ ಇಳಿದಿದೆ, ಅಲ್ಲಿ ಕಬ್ಬಿಣವೂ ಸೇರಿದೆ ಅಂತ ಅರ್ಥ. ಕಟ್ಟಿಗೆಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಶಾಯಿಯೇ ಆಗುತ್ತದೆ. ನಮ್ಮ ಮೇಜಿನ ಒಂದು ಮೂಲೆಯಲ್ಲಿ ರೊಟ್ಟಿ ಹಂಚಿನ ಅಳತೆಯ ಪೂರ್ತಿ ಉಂಗುರವೇ ಇತ್ತು. ಯಾರು ಇಟ್ಟದ್ದು ಅಂತ ಯಾರೂ ಹೇಳಲಿಲ್ಲ.

ಹಳೆಯ ಪಾಲಿಶ್ ಯಾವುದು ಅಂತ ತಿಳಿಯದೆ ಕೈ ಹಾಕಬಾರದು. ಹಲಗೆಯ ಕೆಳಗೆ, ಕಾಣದ ಜಾಗದಲ್ಲಿ, ಹತ್ತಿಯಿಂದ ಸ್ಪಿರಿಟ್ ಒತ್ತಿ ನೋಡಿದೆ. ತಕ್ಷಣ ಅಂಟಾಯಿತು. ಅಂದರೆ ಅರಗಿನ ಪಾಲಿಶ್, ನಮ್ಮ ಕಡೆಯವರು ಸ್ಪಿರಿಟ್ ಪಾಲಿಶ್ ಅನ್ನುವುದು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು, ಅಂದರೆ ಪಾಲಿಯುರೆಥೇನ್. ಅರಗಿನ ಪಾಲಿಶ್ ನೋಡಲು ಬಲು ಚಂದ, ರಿಪೇರಿಯೂ ಸುಲಭ. ಆದರೆ ಬಿಸಿ ಪಾತ್ರೆ, ನೀರು, ಸ್ಯಾನಿಟೈಸರ್ ಮೂರಕ್ಕೂ ಸೋಲುತ್ತದೆ. ಸ್ಯಾನಿಟೈಸರ್‌ನಲ್ಲಿ ಇರುವುದೇ ಆಲ್ಕೋಹಾಲ್. ಕೊರೋನಾ ಕಾಲದಲ್ಲಿ ಮೇಜಿನ ಮೇಲೆ ಬಾಟಲಿ ಇಟ್ಟು ಕೈ ತೊಳೆದ ಜಾಗವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅರಗಿನ ಪಾಲಿಶ್ ದೇವರ ಮಂಟಪಕ್ಕೆ, ಗೋಡೆಯ ಚೌಕಟ್ಟಿಗೆ ಇರಲಿ. ಮಕ್ಕಳು ಊಟ ಮಾಡುವ ಮೇಜಿಗೆ ಬೇಡ.

ಸ್ಪಿರಿಟ್ ಸುರಿದು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಉಜ್ಜಿ, ಹಳೆಯ ಪಾಲಿಶ್ ಪೂರ್ತಿ ತೆಗೆದೆ. ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಒಲೆ, ಊದಿನಕಡ್ಡಿ ಏನೂ ಇರಬಾರದು. ಇಲ್ಲಿ ತಂತಿಯ ಜುಂಗು ಬಳಸಬೇಡಿ. ಅದರ ಕಬ್ಬಿಣದ ಎಳೆಗಳು ಕಟ್ಟಿಗೆಯ ರಂಧ್ರದಲ್ಲಿ ಉಳಿದು, ಮುಂದೆ ನೀರು ತಾಗಿದಾಗ ಕಪ್ಪು ಚುಕ್ಕೆಗಳಾಗುತ್ತವೆ.

ಹಂಚಿನ ಉಂಗುರಕ್ಕೆ ಆಕ್ಸಾಲಿಕ್ ಆಸಿಡ್. ಮಾರ್ಬಲ್ ಪಾಲಿಶ್ ಮಾಡುವವರು ಬಳಸುವ ಬಿಳಿ ಹರಳು ಇದು. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಬಿಸಿ ನೀರಿಗೆ ಹಾಕಿ ಕರಗಿಸಿ, ಬ್ರಷ್‌ನಿಂದ ಕಲೆಗೆ ಹಚ್ಚಬೇಕು. ಕಲೆ ಕಣ್ಣೆದುರಿಗೇ ತಿಳಿಯಾಗುತ್ತದೆ. ಇದು ವಿಷ. ಕೈಗವಸು ಬೇಕು, ಮಕ್ಕಳು ಆ ಕೋಣೆಗೆ ಬರಬಾರದು. ಕಲೆ ಹೋದ ಮೇಲೆ ನೀರಿನಿಂದ ಚೆನ್ನಾಗಿ ತೊಳೆದು ಒರೆಸಿ, ಪೂರ್ತಿ ಆರಿದ ಮೇಲಷ್ಟೇ ಪಾಲಿಶ್ ಪೇಪರ್ ಹಾಕಬೇಕು. ತೊಳೆಯದೆ ಉಜ್ಜಿದರೆ ಆ ಪುಡಿ ಮೂಗಿಗೆ ಹೋಗುತ್ತದೆ. ತೊಳೆಯುವಾಗ ಕಲೆಯ ಜಾಗ ಒಂದೇ ಅಲ್ಲ, ಇಡೀ ಹಲಗೆ ಒದ್ದೆ ಮಾಡಿ, ಇಲ್ಲದಿದ್ದರೆ ಅಲ್ಲೊಂದು ತಿಳಿ ಬಣ್ಣದ ಮಚ್ಚೆ ಉಳಿಯುತ್ತದೆ.

ಹಲಗೆಯ ಬಿರುಕು

ಮೇಜಿನ ನಡುವೆ ಉದ್ದಕ್ಕೆ ಒಂದು ಬಿರುಕು ಇತ್ತು. ಮಕ್ಕಳು ಅದರಲ್ಲಿ ಪೆನ್ಸಿಲ್ ಸಿಕ್ಕಿಸುತ್ತಿದ್ದರು. ಓಣಿಯ ಹಿರಿಯ ಬಡಿಗರನ್ನು ಕರೆದು ತೋರಿಸಿದೆ. ಅವರು ಮೇಲೆ ನೋಡಲೇ ಇಲ್ಲ. ಮೇಜಿನ ಕೆಳಗೆ ಮಲಗಿ ಟಾರ್ಚ್ ಹಾಕಿ, "ಹಲಿಗಿನ ಕಟ್ಟಿ ಹಾಕ್ಯಾರ ನೋಡ್ರಿ. ಸೀಳದ ಇನ್ನೇನ ಮಾಡ್ತೈತಿ?" ಅಂದರು.

ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದಿದ್ದರು. ಕಟ್ಟಿಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಬೇರೆ ಎಷ್ಟೋ ಮರಗಳಿಗಿಂತ ಸಾಗವಾನಿಗೆ ಈ ಹಿಗ್ಗು ಕುಗ್ಗು ಕಡಿಮೆ. ಆದರೂ 90 ಸೆಂಟಿಮೀಟರ್ ಅಗಲದ ಹಲಗೆ ಮಳೆಗಾಲದಿಂದ ಬೇಸಿಗೆಗೆ ಮೂರು ನಾಲ್ಕು ಮಿಲಿಮೀಟರ್ ಸರಿಯುವುದು ದೊಡ್ಡ ಮಾತಲ್ಲ. ಸ್ಕ್ರೂ ಬಿಡದಿದ್ದರೆ ಸೀಳಲೇಬೇಕು. ವಿಜಯಪುರದ ಒಣ ಸೆಕೆಯಲ್ಲಿ ಇದು ಇನ್ನೂ ಜಾಸ್ತಿ.

ಸ್ಕ್ರೂ ಎಲ್ಲ ಬಿಚ್ಚಿದ ಮೇಲೆ ಬಿರುಕು ತಾನೇ ಸ್ವಲ್ಪ ಕೂಡಿಕೊಂಡಿತು. ಬಡಿಗರು ಅದರೊಳಗೆ ತೆಳು ಕಾರ್ಡಿನಿಂದ ಫೆವಿಕಾಲ್ ತುಂಬಿ, ಎರಡೂ ಬದಿಯಿಂದ ಕ್ಲಾಂಪ್ ಹಾಕಿ ರಾತ್ರಿ ಬಿಟ್ಟರು. ಕೂಡದೆ ಉಳಿದ ತುದಿಗೆ ಸಾಗವಾನಿಯದೇ ತೆಳು ಚೂರು ಕೆತ್ತಿ ತುರುಕಿದರು. ಪುಟ್ಟಿ ತುಂಬಲು ಬಿಡಲಿಲ್ಲ. ಗಟ್ಟಿ ಪುಟ್ಟಿ ಹಲಗೆಯ ಜೊತೆ ಸರಿಯುವುದಿಲ್ಲ, ಬೇಸಿಗೆಗೆ ಕಿತ್ತು ಬರುತ್ತದೆ. ಮತ್ತೆ ಕೂರಿಸುವಾಗ ಚೌಕಟ್ಟಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ, ಸ್ಕ್ರೂ ತಲೆಯ ಕೆಳಗೆ ವಾಷರ್ ಹಾಕಿದೆವು. ಈಗ ಸ್ಕ್ರೂ ಹಲಗೆಯನ್ನು ಹಿಡಿದಿರುತ್ತದೆ, ಆದರೆ ಸರಿಯಲು ಬಿಡುತ್ತದೆ. ನಿಮ್ಮ ಮನೆಯಲ್ಲಿ ಸಾಗವಾನಿ ಮೇಜು ಇದ್ದರೆ ಒಮ್ಮೆ ಕೆಳಗೆ ಬಗ್ಗಿ ನೋಡಿ. ಬಿರುಕು ಬರುವ ಮುಂಚೆಯೇ ಮಾಡಬಹುದಾದ ಕೆಲಸ ಇದು.

ಅಂಚುಗಳನ್ನೂ ಆಗಲೇ ಮುಗಿಸಿದೆವು. ಚೂಪಾದ ಅಂಚಿನ ಮೇಲೆ ಪಾಲಿಶ್ ನಿಲ್ಲುವುದಿಲ್ಲ. ಅಲ್ಲಿ ಪದರ ತೆಳುವಾಗಿ ಮೊದಲು ಏಳುತ್ತದೆ, ಆ ಬಿರುಕಿನಿಂದ ನೀರು ಇಳಿಯುತ್ತದೆ. ರಂದಾ ಎಳೆದು, 120 ನಂಬರಿನ ಪೇಪರಿನಿಂದ ಸುತ್ತಲೂ ಮೂರು ನಾಲ್ಕು ಮಿಲಿಮೀಟರ್ ದುಂಡಗೆ ಮಾಡಿದ್ದಾಯಿತು. ಮೇಜಿನ ಎತ್ತರಕ್ಕೆ ಸರಿಯಾಗಿ ತಲೆ ಇರುವ ಒಬ್ಬ ಪೋರ ಮನೆಯಲ್ಲಿ ಓಡಾಡುತ್ತಾನೆ. ಅವನಿಗೂ ಒಳ್ಳೆಯದೇ.

ಕಾಲುಗಳು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಯಾರೂ ನೋಡದ ಜಾಗವೂ ಇದೇ.

ನಮ್ಮದು ಶಹಾಬಾದಿ ಫರಸಿ, ಅಂದರೆ ಕಲ್ಲಿನ ನೆಲ. ದಿನಾ ಬೆಳಿಗ್ಗೆ ಕಸ ಹೊಡೆದು ನೀರು ಹಾಕಿ ಒರೆಸುತ್ತಾರೆ. ಒರೆಸುವ ಅರಿವೆ ಪ್ರತಿ ಕಾಲನ್ನೂ ತಟ್ಟಿ ಹೋಗುತ್ತದೆ, ಕಾಲಿನ ಸುತ್ತ ನೀರು ನಿಲ್ಲುತ್ತದೆ. ಕಟ್ಟಿಗೆಯ ಬದಿ ನೀರು ಹೀರುವುದು ಕಡಿಮೆ. ಅಡ್ಡ ಕೊಯ್ದ ತುದಿ ಹಾಗಲ್ಲ. ಮರ ಬದುಕಿದ್ದಾಗ ನೀರು ಮೇಲಕ್ಕೆ ಒಯ್ಯುತ್ತಿದ್ದ ನಾಳಗಳ ಬಾಯಿ ಅಲ್ಲೇ ತೆರೆದಿರುತ್ತದೆ. ಬಡಿಗರು, ಪಾಲಿಶ್ ಮಾಡುವವರು ಸಾಮಾನ್ಯವಾಗಿ ಅಡಿಯ ಈ ತುದಿಯನ್ನು ಮುಟ್ಟುವುದೇ ಇಲ್ಲ. ವರ್ಷಗಟ್ಟಲೆ ನೀರು ಕುಡಿದು ನಮ್ಮ ಕುರ್ಚಿಗಳ ಕಾಲು ಒಂದು ಇಂಚಿನವರೆಗೆ ಕಪ್ಪಾಗಿತ್ತು. ಬೋರ್ ನೀರಿನ ಉಪ್ಪು ಬಿಳಿಯಾಗಿ ಕಟ್ಟಿತ್ತು. ಗೋಡೆಗೆ ಒರಗಿಸಿಟ್ಟ ಎರಡು ಕುರ್ಚಿಗಳ ಹಿಂಗಾಲು ಉಗುರಿಗೆ ಕಿತ್ತು ಬರುವಷ್ಟು ಮೆತ್ತಗಾಗಿತ್ತು. ಗೆದ್ದಲು ಬರುವುದೂ ಇಂಥ ತೇವದ ಜಾಗಕ್ಕೇ. ಪುಣ್ಯಕ್ಕೆ ಮಣ್ಣಿನ ಗೆರೆ ಎಲ್ಲೂ ಕಾಣಲಿಲ್ಲ.

ಕುರ್ಚಿಗಳನ್ನೆಲ್ಲ ಮಾಳಿಗೆಯ ಮೇಲೆ ತಲೆಕೆಳಗು ಇಟ್ಟೆವು. ಕಾಲಿನ ತುದಿ ಪೂರ್ತಿ ಒಣಗದೆ ಏನು ಹಚ್ಚಿದರೂ ಒಳಗೆ ನೀರನ್ನು ಮುಚ್ಚಿಟ್ಟಂತೆ. ಒಣಗಿದ ಮೇಲೆ ಉಳಿಯಿಂದ ಮೆತ್ತಗಿನ ಭಾಗ ಕೆರೆದು ಗಟ್ಟಿ ಕಟ್ಟಿಗೆ ಸಿಗುವವರೆಗೆ ಹೋದೆ. ಆ ತಗ್ಗಿಗೆ ನಿಧಾನ ಕೂರುವ ಅರಾಲ್ಡೈಟ್ ಅಂಟಿನಲ್ಲಿ ಸಾಗವಾನಿ ಪುಡಿ ಕಲಸಿ ತುಂಬಿದೆ. ಐದು ನಿಮಿಷದಲ್ಲಿ ಕೂರುವುದಕ್ಕಿಂತ ನಿಧಾನದ್ದು ಒಳ್ಳೆಯದು, ಅದಕ್ಕೆ ಕಟ್ಟಿಗೆಯೊಳಗೆ ಇಳಿಯಲು ಸಮಯ ಸಿಗುತ್ತದೆ. ಆಮೇಲೆ ಎಲ್ಲ ಕಾಲುಗಳ ಅಡಿಗೂ ತೆಳು ಮಾಡಿದ ಪಿಯು ಹಚ್ಚಿದೆ. ಮೊದಲ ಕೋಟ್ ಹಚ್ಚಿದ ಕೂಡಲೇ ಮಾಯ. ಎರಡನೆಯದೂ ಹಾಗೇ. ಹೀರುವುದು ನಿಂತು ಮೇಲೆ ಹೊಳಪು ಉಳಿಯುವವರೆಗೆ ಹಚ್ಚುತ್ತಲೇ ಹೋಗಬೇಕು.

ಕೊನೆಗೆ ಕಾಲಿನ ಅಡಿಗೆ ಹಾಕುವ ಬುಷ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಬಗೆ ಇಟ್ಟರು. ಅಂಟಿಸುವ ಫೆಲ್ಟ್, ಕಾಲಿಗೆ ಟೊಪ್ಪಿಗೆಯಾಗಿ ತೊಡಿಸುವ ರಬ್ಬರ್, ನಡುವೆ ಮೊಳೆ ಇರುವ ನೈಲಾನ್. ಫೆಲ್ಟ್ ಸದ್ದು ಮಾಡುವುದಿಲ್ಲ, ನಿಜ. ಆದರೆ ನಮ್ಮ ಊರಿನ ಧೂಳಿಗೆ ಅದು ಆಗದು. ಮರಳು ಫೆಲ್ಟ್‌ನಲ್ಲಿ ಸಿಕ್ಕಿಕೊಂಡು ಅದೇ ಪಾಲಿಶ್ ಪೇಪರ್ ಆಗಿ ಫರಸಿ ಉಜ್ಜುತ್ತದೆ, ಒದ್ದೆಯಾದರೆ ಅಂಟೂ ಬಿಡುತ್ತದೆ. ರಬ್ಬರ್ ಟೊಪ್ಪಿಗೆಯೊಳಗೆ ಒರೆಸಿದ ನೀರು ಇಳಿದು ಅಲ್ಲೇ ಉಳಿಯುತ್ತದೆ. ಯಾವುದನ್ನು ತಪ್ಪಿಸಬೇಕಿತ್ತೋ ಅದನ್ನೇ ಕಾಲಿಗೆ ಕಟ್ಟಿದಂತೆ. ನೈಲಾನ್ ಸರಿಹೋಯಿತು. ಕಾಲನ್ನು ನೆಲದಿಂದ ಸ್ವಲ್ಪ ಎತ್ತುತ್ತದೆ, ನೀರು ಅಡಿಯಿಂದ ಹರಿದು ಹೋಗುತ್ತದೆ. ಮೊಳೆ ಹೊಡೆಯುವ ಮುಂಚೆ ಸಣ್ಣ ಡ್ರಿಲ್ಲಿನಿಂದ ತೂತು ಮಾಡಿ, ತೂತಿಗೂ ಒಂದು ಹನಿ ಪಿಯು ಬಿಟ್ಟೆ. ನೇರ ಹೊಡೆದರೆ ಹಳೆಯ ಕಾಲು ಸೀಳುತ್ತದೆ. ಕುರ್ಚಿ ಎಳೆದಾಗ ಸದ್ದು ಸ್ವಲ್ಪ ಜಾಸ್ತಿಯೇ. ಮಧ್ಯಾಹ್ನ ಮಲಗುವ ಅವ್ವ ಅದನ್ನು ದಿನಾ ಹೇಳುತ್ತಾಳೆ.

ಕೀಲುಗಳ ಕಥೆ ಚಿಕ್ಕದು. ಹುಡುಗರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಎರಡೇ ಕಾಲ ಮೇಲೆ ಕೂರುತ್ತಾರೆ. ಭಾರವೆಲ್ಲ ಹಿಂಗಾಲಿನ ಕೀಲಿಗೆ ಬಿದ್ದು ಸಡಿಲಾಗುತ್ತದೆ. ಹಿಂದೆ ಯಾರೋ ಮೊಳೆ ಹೊಡೆದಿದ್ದರು, ಅದು ಇನ್ನಷ್ಟು ಅಲುಗಾಡಿಸುತ್ತದೆ ಅಷ್ಟೇ. ಮೊಳೆ ಕಿತ್ತು, ಕೀಲು ಬಿಚ್ಚಿ, ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸ ಫೆವಿಕಾಲ್ ಹಚ್ಚಿ ಕೂಡಿಸಿದೆವು. ಹಳೆಯ ಅಂಟಿನ ಮೇಲೆ ಹೊಸದು ಹಿಡಿಯುವುದಿಲ್ಲ. ಉದ್ದ ಕ್ಲಾಂಪ್ ಬೇಕಿಲ್ಲ. ಕಾಲುಗಳ ಸುತ್ತ ನೂಲಿನ ಹಗ್ಗ ಸುತ್ತಿ, ನಡುವೆ ಕೋಲು ಹಾಕಿ ತಿರುವಿದರೆ ಬೇಕಾದಷ್ಟು ಬಿಗಿ ಬರುತ್ತದೆ.

ಹೊಸ ಪಾಲಿಶ್

ಮೆಲಮೈನೋ ಪಿಯುವೋ ಅಂತ ಚರ್ಚೆ ನಡೆಯಿತು. ಮೆಲಮೈನ್ ಅಗ್ಗ, ಗಟ್ಟಿ, ಆದರೆ ಪಾತ್ರೆ ಬಿದ್ದರೆ ಚಕ್ಕೆ ಏಳುತ್ತದೆ, ವಾಸನೆಯೂ ಕಣ್ಣಿಗೆ ಹೊಡೆಯುತ್ತದೆ. ಪಿಯು ದುಬಾರಿ. ಸ್ವಲ್ಪ ಬಾಗುವ ಗುಣ ಇರುವುದರಿಂದ ಪೆಟ್ಟು ತಾಳುತ್ತದೆ, ನೀರು ಮತ್ತು ಅಡುಗೆ ಎಣ್ಣೆಗೆ ಜಗ್ಗುವುದಿಲ್ಲ. ಎಣ್ಣೆಗಾಯಿ, ಶೇಂಗಾ ಹಿಂಡಿ ದಿನಾ ಬರುವ ಮೇಜಿಗೆ ನಾನು ಪಿಯು ಅಂದೆ. ಹೊಳಪಿನದ್ದು ಬೇಡ, ಮ್ಯಾಟ್. ಹೊಳಪಿನ ಮೇಲೆ ಒಂದು ಗೆರೆ ಬಿದ್ದರೂ ಬಾಗಿಲಿಂದಲೇ ಕಾಣುತ್ತದೆ.

ಎರಡು ಡಬ್ಬಿ ಬೆರೆಸಿ ಹಚ್ಚುವ ಪಿಯುವಿನಲ್ಲಿ, ಅದನ್ನು ಗಟ್ಟಿ ಮಾಡುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡಿದರೆ ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ತಕ್ಕ ಮಾಸ್ಕ್ ಇಲ್ಲದೆ ಮನೆಯಲ್ಲಿ ಸ್ಪ್ರೇ ಬೇಡವೇ ಬೇಡ. ಹಳೆಯ ಬನಿಯನ್ ಬಟ್ಟೆಯ ಉಂಡೆ ಮಾಡಿ ತೆಳುವಾಗಿ ಹಚ್ಚಿದೆವು. ಪೇಪರ್ 120, 180, 240, 320 ಹೀಗೆ ಏರಿಸುತ್ತಾ, ಕಟ್ಟಿಗೆಯ ಎಳೆಯ ದಿಕ್ಕಿಗೇ ಉಜ್ಜಬೇಕು. ಸಾಗವಾನಿ ತಾನೇ ಎಣ್ಣೆಯ ಕಟ್ಟಿಗೆ, ಅದಕ್ಕೆ ಮೊದಲ ಕೋಟ್‌ಗೆ ಮುಂಚೆ ಥಿನ್ನರ್ ಅರಿವೆಯಿಂದ ಒರೆಸಬೇಕು, ಇಲ್ಲದಿದ್ದರೆ ಪದರ ಹಿಡಿಯುವುದಿಲ್ಲ. ಬೆಳಿಗ್ಗೆ ಬೇಗ, ಗಾಳಿ ಏಳುವ ಮುಂಚೆ ಹಚ್ಚುವುದು. ಫ್ಯಾನ್ ಬಂದ್. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸುವುದು. ಹಲಗೆಯ ಅಡಿಗೂ ಪಾಲಿಶ್ ಮಾಡಿಸಿದ್ದಕ್ಕೆ ಅಣ್ಣ ನಕ್ಕ. ಆದರೆ ಮೇಲೆ ಮಾತ್ರ ಮುಚ್ಚಿದರೆ ಅಡಿ ಬೇಗ ತೇವ ಹೀರಿ ಬೇಗ ಒಣಗುತ್ತದೆ, ಹಲಗೆ ಬಾಗುತ್ತದೆ.

ಮುಟ್ಟಲು ಒಣಗಿದೆ ಅನ್ನಿಸಿದರೂ ಪಿಯು ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಅಷ್ಟೂ ದಿನ ಪಡಸಾಲೆಯಲ್ಲಿ ಪಂಕ್ತಿ ಹಾಕಿ ಊಟ. ಮಕ್ಕಳಿಗೆ ಅದೇ ಇಷ್ಟವಾಗಿಬಿಟ್ಟಿತು.

ಪಿಯು ಆದರೂ ಒಲೆಯಿಂದ ಇಳಿಸಿದ ಕಡಾಯಿಯನ್ನು ನೇರ ಇಟ್ಟರೆ ತಡೆಯುವುದಿಲ್ಲ. ಅದಕ್ಕೆ ವೈನಿ ಹಳೆಯ ಸೀರೆಯ ಸಿಂಬಿ ಮಾಡಿ ಮೇಜಿನ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. ಅಡುಗೆಮನೆಯಲ್ಲಿಟ್ಟರೆ ಯಾರೂ ತರುವುದಿಲ್ಲ, ಕೈಗೆ ಸಿಗುವ ಜಾಗದಲ್ಲೇ ಇರಬೇಕು. ಆ ಪ್ಲಾಸ್ಟಿಕ್ ಹಾಳೆಯನ್ನು ಎಸೆಯಲು ಅವ್ವ ಬಿಡಲಿಲ್ಲ. ಅದೀಗ ಕೂಲರ್ ಮೇಲಿದೆ.

ದಿವಾನಕ್ಕೆ ಕೌದಿ

ದಿವಾನದ ರೆಕ್ಸಿನ್ ಕೂರುವ ಜಾಗದಲ್ಲಿ ಬಿರಿದು ಚಕ್ಕೆ ಚಕ್ಕೆ ಏಳುತ್ತಿತ್ತು. ಇದಕ್ಕೆ ರಿಪೇರಿ ಇಲ್ಲ. ಕಿತ್ತು ಹಾಕಿ ದಪ್ಪ ಹತ್ತಿ ಬಟ್ಟೆ ಹೊಲಿಸಿದೆವು. ಅದರ ಮೇಲೆ ಅವ್ವನ ಕೌದಿ. ಹಳೆಯ ಸೀರೆಗಳ ತುಂಡು ಜೋಡಿಸಿ ಕೈಯಲ್ಲಿ ಹೊಲಿದ ಈ ಹೊದಿಕೆಗಿಂತ ಒಳ್ಳೆಯ ಸೋಫಾ ಕವರ್ ನಾನು ನೋಡಿಲ್ಲ. ದಪ್ಪ ಇದೆ, ತೊಳೆಯಲು ಬರುತ್ತದೆ, ಬಗೆಬಗೆ ಬಣ್ಣ ಇರುವುದರಿಂದ ಸಣ್ಣ ಕಲೆ ಕಾಣುವುದೇ ಇಲ್ಲ. ಒಂದೇ ತೊಂದರೆ, ಮಕ್ಕಳು ಹಾರಿದರೆ ಜಾರುತ್ತದೆ. ನಾಲ್ಕು ಮೂಲೆಗೆ ಲಾಡಿ ಹೊಲಿದು ದಿವಾನದ ಅಡಿಯಲ್ಲಿ ಕಟ್ಟಿದ ಮೇಲೆ ಅದೂ ನಿಂತಿತು. ಸಣ್ಣವನು ಮಲಗುವ ಕಡೆ ಕೌದಿಯ ಕೆಳಗೆ ಕೂಸಿನ ರಬ್ಬರ್ ಶೀಟ್ ಇದೆ. ಅದು ಬಟ್ಟೆಯ ಮೇಲಿದೆ, ಪಾಲಿಶ್ ಮುಟ್ಟುವುದಿಲ್ಲ.

ಸಾರು, ಬೇಳೆ ಚೆಲ್ಲಿದ ಅರಿಶಿನದ ಕಲೆಗೆ ಒಂದು ಮಾತು. ಸಾಬೂನು ಹಾಕಿದ ಕೂಡಲೇ ಕೆಂಪಾಗುತ್ತದೆ, ಕಲೆ ಹೆಚ್ಚಾಯಿತು ಅಂತ ಗಾಬರಿ ಬೇಡ. ಸಾಬೂನಿನ ಕ್ಷಾರಕ್ಕೆ ಅರಿಶಿನದ ಬಣ್ಣ ಬದಲಾಗುವುದು ಅಷ್ಟೇ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ನಮ್ಮ ಊರಲ್ಲಿ ಬಿಸಿಲಿಗೆ ಬರ ಇಲ್ಲವಲ್ಲ. ಪೆನ್ನಿನ ಗೆರೆಗೆ ಹತ್ತಿಯಲ್ಲಿ ಸ್ಪಿರಿಟ್ ಸಾಕು, ಬಟ್ಟೆಯಾದರೂ ಪಿಯು ಆದರೂ. ಅರಗಿನ ಪಾಲಿಶ್ ಮೇಲೆ ಮಾತ್ರ ಸ್ಪಿರಿಟ್ ತರಬೇಡಿ.

ಉಳಿದದ್ದು ಚಪ್ಪಲಿ ಕಪಾಟು. ಇದು ಪಾರ್ಟಿಕಲ್ ಬೋರ್ಡ್. ಅಡಿಯ ಹಲಗೆ ನೀರು ಕುಡಿದು ಉಬ್ಬಿತ್ತು. ಒಮ್ಮೆ ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿಸಿದರೂ ಮೊದಲಿನಂತೆ ಆಗುವುದಿಲ್ಲ, ಅದರ ಮೇಲೆ ಶ್ರಮ ಹಾಕುವುದು ದಂಡ. ಆ ಹಲಗೆ ತೆಗೆದು, ನೀರು ತಾಳುವ ಐಎಸ್ 710 ಗುರುತಿನ 12 ಮಿಲಿಮೀಟರ್ ಪ್ಲೈವುಡ್ ಹಾಕಿದೆವು. ಮಾಮೂಲಿ ಐಎಸ್ 303 ಪ್ಲೈವುಡ್ ಒಳಗಿನ ಒಣ ಜಾಗಕ್ಕೆ ಸಾಕು, ನೀರು ಬೀಳುವ ಕಡೆಗೆ 710 ಬೇಕು. ಕೊಯ್ದ ಅಂಚಿಗೆ ಉಳಿದ ಪಿಯು ಹಚ್ಚಿ, ನಾಲ್ಕು ಮೂಲೆಗೆ ಗ್ರಾನೈಟ್ ಚೂರು ಕೊಟ್ಟು ನೆಲದಿಂದ ಎರಡು ಇಂಚು ಎತ್ತಿದ್ದೇವೆ. ಈಗ ಅಡಿಯಲ್ಲಿ ಪೊರಕೆ ಆಡುತ್ತದೆ. ಎತ್ತಿದ್ದಕ್ಕೋ ಏನೋ ಎಡ ಬಾಗಿಲು ಸ್ವಲ್ಪ ಉಜ್ಜುತ್ತಿದೆ. ಕೆಳಗಿನ ಬಿಜಾಗರಿಯ ಸ್ಕ್ರೂ ತೂತು ಸವೆದು ದೊಡ್ಡದಾಗಿದೆ. ಅದರೊಳಗೆ ಫೆವಿಕಾಲ್ ಹಚ್ಚಿದ ಬಿದಿರು ಕಡ್ಡಿ ತುರುಕಿ, ಆರಿದ ಮೇಲೆ ಮತ್ತೆ ಸ್ಕ್ರೂ ಹಾಕಬೇಕು. ಯುಗಾದಿಗೆ ಮುಂಚೆ ಮಾಡುತ್ತೇನೆ ಅಂತ ಹೇಳಿದ್ದೇನೆ.